ಮುಷ್ಟಿಯಾಚೆ ಅರ್ಧ ಇಂಚು

ಫೆಬ್ರವರಿ ೪

ಹಲ್ಲಿಲ್ಲದವರ ಮಹಾಸಭೆಯ ಮಾನ್ಯ ಅಧ್ಯಕ್ಷಿಣಿಯವರೇ, ಒಸಡನ್ನೇ ನಂಬಿ ಬದುಕಿರುವ ಸಮಸ್ತ ಸದಸ್ಯರೇ, ಎತ್ತರದ ಕುರ್ಚಿಯಲ್ಲಿ ವಿರಾಜಮಾನರಾಗಿ ಕೆಳಗಿನವರನ್ನೆಲ್ಲ ಜೊಲ್ಲಿನಿಂದ ಹರಸುತ್ತಿರುವ ಮಹನೀಯರೇ,

ಈ ಬಡವಿಯ ಪರಿಚಯ ತಮಗಿಲ್ಲ. ನಾನು ತಮ್ಮ ತಾಯಿಯ ತಾಯಿ. ವಯಸ್ಸು ನಲವತ್ತಾರು. ಓದಿದ್ದು ಬಿ.ಎ., ಹಿಡಿದದ್ದು ಕತ್ತರಿ. ಶಾಲೆಯ ಸಮವಸ್ತ್ರ ಹೊಲಿಯುವ ವರ್ಕ್‌ಶಾಪಿನಲ್ಲಿ ಬಟ್ಟೆ ಕತ್ತರಿಸುವುದು ನನ್ನ ಉದ್ಯೋಗ, ಸಿಕ್ಕಿದಲ್ಲೆಲ್ಲ ಪ್ರಾಸ ಕಟ್ಟುವುದು ನನ್ನ ರೋಗ.

ತಾವು ಮೂರು ತಿಂಗಳ ಕೂಸಾಗಿದ್ದಾಗ ಕಳಿಸಿದ ಕಾರ್ಡು ತಲುಪಿದೆ. ಅದರಲ್ಲಿ ಪೆನ್ಸಿಲಿನಲ್ಲಿ ಎಳೆದ ತಮ್ಮ ಬಲಗೈಯ ಗೆರೆ ಬಿಟ್ಟರೆ ಒಂದಕ್ಷರವೂ ಇರಲಿಲ್ಲ. ಹೆಬ್ಬೆರಳಿನ ಹತ್ತಿರ ಗೆರೆ ಜಾರಿದೆ. ತಾವು ಕೊಸರಾಡಿರಬೇಕು, ಇಲ್ಲವೇ ಎಳೆದವರ ಕೈ ನಡುಗಿರಬೇಕು. ಉತ್ತರಕ್ಕೆ ಮೂರು ತಿಂಗಳು ತಡವಾದದ್ದಕ್ಕೆ ಕ್ಷಮೆ ಕೋರುತ್ತೇನೆ. ಫೋನು ಮಾಡಬಹುದಿತ್ತಲ್ಲ ಎಂದು ಸಭೆಯಲ್ಲಿ ಯಾರಾದರೂ ಕೂಗಿದರೆ, ಉತ್ತರ ಇಷ್ಟೇ: ಫೋನಿನಲ್ಲಿ ನಾನೂ ತಮ್ಮ ತಾಯಿಯೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನಾನು ಮೂರನೇ ಸಾಲಿಗೆ ಪ್ರಾಸಕ್ಕೆ ಬೀಳುತ್ತೇನೆ. ಪ್ರಾಸಕ್ಕೆ ಬಿದ್ದವರಿಗೆ ಪೆಟ್ಟು ಕಡಿಮೆ.

ತಮಗೀಗ ಆರು ತಿಂಗಳು ತುಂಬಿದೆ. ಕುತ್ತಿಗೆ ನಿಂತಿದೆ, ಬೆನ್ನು ನೆಟ್ಟಗಾಗಿದೆ, ಯಾರ ತಟ್ಟೆ ಕಂಡರೂ ಕೈ ಚಾಚುತ್ತೀರಿ ಎಂದು ಊಹಿಸಿದ್ದೇನೆ. ತಪ್ಪಿದ್ದರೆ ಸಭೆಯ ಕಾರ್ಯದರ್ಶಿಯವರು, ಅಂದರೆ ತಮ್ಮ ತಾಯಿ, ತಿದ್ದಲಿ. ಇನ್ನು ಹಾಲೊಂದೇ ಸಾಲದು, ಹಾಗೆಂದು ಹಾಲು ಬಿಡುವಂತೆಯೂ ಇಲ್ಲ. ಆದ್ದರಿಂದ ಸಭೆಯ ಮುಂದೆ ಮೊದಲ ನಿರ್ಣಯವಾಗಿ ಕ್ಯಾರೆಟ್ಟನ್ನು ಮಂಡಿಸುತ್ತಿದ್ದೇನೆ.

ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, ಹಬೆಯಲ್ಲಿ ಬೇಯಿಸುವುದು. ಬೆಂದಿದೆಯೆಂದು ಚಾಕು ಹೇಳಿದರೆ ನಂಬಬಾರದು, ಚಾಕು ಒರಟ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿದರೆ ಹಿಟ್ಟಾಗಬೇಕು. ಒಸಡಿಗಿರುವ ಬಲ ಅಷ್ಟೇ. ಹಸಿಯದ್ದು ಕೂಡದು, ಗುಂಡಗೆ ಬಿಲ್ಲೆಯಂತೆ ಕತ್ತರಿಸುವುದೂ ಕೂಡದು. ಚಮಚ ಬೇಡ, ತಟ್ಟೆಯೂ ಬೇಡ. ಮುಂದಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡು ಕೂರುವುದು. ಕೂರುವುದು ಎಂದರೆ ಕೂರುವುದೇ, ಎದ್ದು ಹೋಗಬಾರದು.

ಉಪ್ಪು ಸಕ್ಕರೆ ದೂರವಿರಲಿ, ಜೇನು ವರ್ಷ ಕಾಯಲಿ,
ಬೆಂದ ತುಂಡು ಮುಷ್ಟಿಯಾಚೆ ಅರ್ಧ ಇಂಚು ಚಾಚಲಿ.

ಮುಷ್ಟಿಯಾಚೆ ಚಾಚದಿದ್ದರೆ ಹಿಡಿದದ್ದು ಬಾಯಿಗೆ ಸಿಕ್ಕುವುದು ಹೇಗೆ? ಈ ವಯಸ್ಸಿನಲ್ಲಿ ಮುಷ್ಟಿ ಮುಚ್ಚುವುದು ಗೊತ್ತು, ಬಿಚ್ಚುವುದು ಗೊತ್ತಿಲ್ಲ. (ನಮ್ಮ ಮನೆತನದಲ್ಲಿ ಕೆಲವರಿಗೆ ನಲವತ್ತಾರಕ್ಕೂ ಗೊತ್ತಿಲ್ಲ.) ದೊಡ್ಡವರ ಬೆರಳಿನುದ್ದ ಕತ್ತರಿಸಿ ಎಂದು ಎಲ್ಲರೂ ಹೇಳುತ್ತಾರೆ. ಯಾರ ಬೆರಳು? ನನ್ನದೋ, ನಮ್ಮ ಮೇಸ್ತ್ರಿಯದೋ? ಅಳತೆ ಎಂದರೆ ಅಳತೆ. ಆದ್ದರಿಂದ ಕಾರ್ಡಿನ ಅಂಗೈಗೆ ಟೇಪು ಹಿಡಿದು, ಬೆಳೆಯುವ ಮಗುವೆಂದು ಸ್ವಲ್ಪ ಬಿಟ್ಟು, ರಟ್ಟಿನ ಪಟ್ಟಿಯೊಂದನ್ನು ಕತ್ತರಿಸಿ ಇದರೊಂದಿಗೆ ಇಟ್ಟಿದ್ದೇನೆ. ಇದೇ ಉದ್ದ, ಇದೇ ದಪ್ಪ.

ಅನುಭವದ ಮಾತು, ನಂಬಬಹುದು. ತಮ್ಮ ತಾಯಿಗೂ ಹೀಗೇ ತಿನ್ನಿಸಿದ್ದೆ.

ವಿಧೇಯ,
ಕತ್ತರಿ ಅಜ್ಜಿ


ಫೆಬ್ರವರಿ ೨೦

ಕತ್ತರಿ ಅಜ್ಜಿಯವರಿಗೆ,

ಸಭೆಯ ಅಪ್ಪಣೆಯಂತೆ ಉತ್ತರಿಸುತ್ತಿದ್ದೇನೆ. ಕ್ಯಾರೆಟ್ ನಿರ್ಣಯ ಮೂರು ದಿನ ಚರ್ಚೆಯಾಯಿತು. ಮೊದಲ ದಿನ ಅಧ್ಯಕ್ಷಿಣಿ ಅದನ್ನು ಎತ್ತಿ ನೋಡಿ ನೆಲಕ್ಕೆ ಬಿಟ್ಟರು. ಎರಡನೇ ದಿನ ಕಿವಿಗೆ ಒರೆಸಿಕೊಂಡರು. ಮೂರನೇ ದಿನ ಬಾಯಿಗೆ ಹೋಯಿತು. ಆಗ ಮಾಡಿದ ಮುಖ ನೋಡಿ ನಿನ್ನ ಅಳಿಯ, "ಇವಳು ನಮ್ಮಿಬ್ಬರ ಮೇಲೂ ಕೇಸ್ ಹಾಕ್ತಾಳೆ ಕಣೇ" ಅಂದರು. ಆಮೇಲೆ ಇನ್ನೊಂದಕ್ಕೆ ಕೈ ಚಾಚಿದಳು.

ರಟ್ಟಿನ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. "ಏನಿದು, ಮಗಳಿಗೆ ತರಕಾರಿ ತಿನ್ನಿಸ್ತೀಯೋ ಯೂನಿಫಾರ್ಮ್ ಹೊಲಿತೀಯೋ?" ಅಂತ ಅದಕ್ಕೂ ಇವರಿಗೆ ನಗು. ಬಸ್ ಓಡಿಸಿ ಬಂದವರಿಗೆ ನಗೋಕೆ ಏನಾದರೂ ಬೇಕಲ್ಲ.

ಒಂದು ಪ್ರಶ್ನೆ. ನನಗೂ ಹೀಗೇ ತಿನ್ನಿಸಿದ್ದೆ ಅಂತ ಬರೆದಿದ್ದೀಯ. ನನಗೆ ಮೊಟ್ಟಮೊದಲು ಕೊಟ್ಟದ್ದು ಏನು? ಕ್ಲಿನಿಕ್ಕಿನಲ್ಲಿ ಅವಳಿಗೊಂದು ಪುಸ್ತಕ ಕೊಟ್ಟಿದ್ದಾರೆ. ತೂಕ, ಚುಚ್ಚುಮದ್ದು, ಎಲ್ಲ ಬರೆಯೋದು. 'ಮೊದಲ ತುತ್ತು' ಅಂತ ಒಂದು ಸಾಲಿದೆ. ಅವಳದ್ದು ಬರೆದೆ. ಪಕ್ಕದಲ್ಲಿ ಜಾಗ ಖಾಲಿಯಿದೆ, ನನ್ನದೂ ಬರೆಯೋಣ ಅನ್ನಿಸಿತು.

— ಕಾರ್ಯದರ್ಶಿ


ಮಾರ್ಚ್ ೫

ಮಾನ್ಯ ಅಧ್ಯಕ್ಷಿಣಿಯವರೇ,

ಕ್ಯಾರೆಟ್ ಬಹುಮತದಿಂದ ಅಂಗೀಕಾರವಾದ ಸುದ್ದಿ ತಿಳಿದು ವರ್ಕ್‌ಶಾಪಿನಲ್ಲಿ ಹರ್ಷೋದ್ಗಾರವೆದ್ದಿತು. ಎದ್ದದ್ದು ನನ್ನೊಬ್ಬಳದ್ದೇ. "ಏನಕ್ಕಾ, ಲಾಟರಿ ಹೊಡೀತಾ?" ಎಂದು ಪಕ್ಕದ ಮೇಜಿನಲ್ಲಿ ಕಾಲರ್ ಹೊಲಿಯುವವಳು ಕೇಳಿದಳು. "ನಮ್ಮ ಹುಡುಗಿ ಕ್ಯಾರೆಟ್ ತಿಂದಳು" ಎಂದೆ. "ಅಷ್ಟೇನಾ?" ಎಂದು ಮಿಷನ್ ತುಳಿದಳು. ಅವಳಿಗೆ ನಾಲ್ಕು ಮಕ್ಕಳು, ಅವಳಿಗೆ ಅಷ್ಟೇ.

ಎರಡನೇ ನಿರ್ಣಯ ಸಿಹಿಗುಂಬಳ, ಮೂರನೆಯದು ಗೆಣಸು. ಎರಡನ್ನೂ ಹಬೆಗಿಂತ ಓವನ್ನಿನಲ್ಲಿ ಸುಟ್ಟರೆ ರುಚಿ. ತೊಂದರೆ ಎಂದರೆ ಬೆಂದ ಮೇಲೆ ಜಾರುತ್ತವೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಕಟ್ಟಿದವರು ಗೆಣಸು ತಿನ್ನಲು ಕೂತ ಕೂಸೇ ಇರಬೇಕು. ಇದಕ್ಕೆ ಮದ್ದು ನನ್ನ ಕಸುಬಿನಲ್ಲೇ ಸಿಕ್ಕಿತು. ಬಟ್ಟೆಯ ಅಂಚು ಬಿಚ್ಚದಿರಲೆಂದು ಹಲ್ಲುಹಲ್ಲಾಗಿ ಕತ್ತರಿಸುವ ಕತ್ತರಿಯೊಂದು ನಮ್ಮಲ್ಲಿದೆ. ಅದೇ ತರಹ ಅಲೆಅಲೆಯಾದ ಅಲಗಿನ ಚಾಕು ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಕತ್ತರಿಸಿದರೆ ತುಂಡಿಗೆ ಗೆರೆ ಮೂಡುತ್ತದೆ, ಪುಟ್ಟ ಬೆರಳಿಗೆ ಹಿಡಿತ ಸಿಗುತ್ತದೆ. ಚಾಕು ಸಿಗದಿದ್ದರೆ ಓಟ್ಸ್ ಪುಡಿಯಲ್ಲಿ ಹೊರಳಿಸಿ ಕೊಡಿ.

ತಿನ್ನುವವರಿಗೇ ಹಲ್ಲಿಲ್ಲ, ಗೊತ್ತು,
ಗೆಣಸಿಗೆ ಕೊಟ್ಟೆ ಹಲ್ಲಿನ ಸಾಲು ಹತ್ತು.

ಬೀಟ್‌ರೂಟನ್ನೂ ಸಭೆ ಪರಿಶೀಲಿಸಬಹುದು. ಎಚ್ಚರಿಕೆ: ಮರುದಿನ ಬಟ್ಟೆ ಬಿಚ್ಚಿದಾಗ ಕಾಣುವ ಕೆಂಪಿಗೆ ಕಾರ್ಯದರ್ಶಿಯವರು ಬೆಚ್ಚುವುದು ಬೇಡ, ಡಾಕ್ಟರ ಬಾಗಿಲು ತಟ್ಟುವುದೂ ಬೇಡ.

ಕಾರ್ಯದರ್ಶಿಯವರು ಕೇಳಿದ ಪ್ರಶ್ನೆಗೆ ಪ್ರಶ್ನೋತ್ತರದ ಅವಧಿ ಮುಗಿದಿದೆ ಎಂದು ವಿನಯದಿಂದ ತಿಳಿಸುತ್ತೇನೆ.

ವಿಧೇಯ,
ಕತ್ತರಿ ಅಜ್ಜಿ


ಮಾರ್ಚ್ ೨೨

ಅಮ್ಮ,

ಬೆಚ್ಚಿದೆ. ಡಾಕ್ಟರ ಬಾಗಿಲನ್ನೂ ತಟ್ಟಿದೆ. ನಿನ್ನ ಕಾಗದ ಬರೋ ಎರಡು ದಿನ ಮೊದಲೇ ಇವರು ಬೀಟ್‌ರೂಟ್ ಕೊಟ್ಟಿದ್ದರು. ಡಾಕ್ಟರು ಕನ್ನಡಕ ತೆಗೆದು, "ನಿನ್ನೆ ಏನು ತಿಂದಿತ್ತು?" ಅಂದರು. ಹೇಳಿದೆ. ಕನ್ನಡಕ ಹಾಕಿಕೊಂಡು ಮುಂದಿನವರನ್ನ ಕರೆದರು.

ಸಿಹಿಗುಂಬಳ ಕಂಡರೆ ಕುರ್ಚಿ ಬಡಿಯುತ್ತಾಳೆ. ಗೆಣಸಿಗೆ ನಿನ್ನ ಅಲೆ ಚಾಕು ಕೆಲಸ ಮಾಡಿತು. ತಿನ್ನುವಾಗ ಕಾಲಿನ ಹೆಬ್ಬೆರಳು ಮಾತ್ರ ಆಡಿಸುತ್ತಾಳೆ, ಮಿಕ್ಕಿದ್ದೆಲ್ಲ ಸ್ತಬ್ಧ. ಅದನ್ನ ನೋಡುತ್ತಾ ನಿನಗೆ ಹೇಳಬೇಕು ಅನ್ನಿಸಿತು. ಹೇಳಬಾರದು ಅಂತಲೂ ಅನ್ನಿಸಿತು.

ಎರಡು ವರ್ಷವಾಯಿತಲ್ಲ. ನನ್ನ ಮದುವೆಗೆ ನೀನು ಕತ್ತಿನಲ್ಲಿ ಟೇಪು ಹಾಕಿಕೊಂಡೇ ಬಂದಿದ್ದೆ. ತೆಗೆಯೋದು ಮರೆತಿದ್ದೆ. ಇವರನ್ನ ಮೇಲಿಂದ ಕೆಳಗೆ ನೋಡಿ, "ಎಡಗಡೆ ಹೆಗಲು ಅರ್ಧ ಇಂಚು ಇಳಿದಿದೆ" ಅಂದೆ. ಊಟದ ಹೊತ್ತಿಗೇ ಹೊರಡೋಕೆ ಎದ್ದೆ. ನಿನಗೆ ನಾನೂರು ಸಮವಸ್ತ್ರ ಬಾಕಿ ಇತ್ತು. ಬಾಗಿಲಲ್ಲಿ ನಾನು, "ಹುಟ್ಟಿದಾಗಿನಿಂದ ನನ್ನ ಅಳತೆ ತಗೊಂಡಿದೀಯ ಅಮ್ಮ, ನನ್ನ ನೋಡಿಲ್ಲ" ಅಂದಿದ್ದೆ. ಅದನ್ನ ವಾಪಸ್ ತಗೊಳ್ಳೋಕೆ ಬರೆಯುತ್ತಿಲ್ಲ. ನೆನಪಿದೆ ಅಂತ ಹೇಳೋಕೆ ಬರೆಯುತ್ತಿದ್ದೇನೆ. ಇವರ ಹೆಗಲು ನಿಜವಾಗಿಯೂ ಇಳಿದಿದೆ, ಅದೂ ಹೇಳಿಬಿಡುತ್ತೇನೆ.

ಪುಸ್ತಕದಲ್ಲಿ ಆ ಜಾಗ ಇನ್ನೂ ಖಾಲಿ. ಏನಿತ್ತು ಅಮ್ಮ? ಅಷ್ಟು ದೊಡ್ಡ ಗುಟ್ಟೇ? ಕೆಳಮನೆಯ ಗುಂಡಿ ಅತ್ತೆ ಬದುಕಿದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ. ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ಇಡೀ ಬೀದಿಯ ಸಂಗತಿ ನೆನಪಿಟ್ಟುಕೊಂಡಿದ್ದರು.

— ಕಾರ್ಯದರ್ಶಿ (ಹಂಗಾಮಿ)


ಏಪ್ರಿಲ್ ೩

ಮಾನ್ಯ ಅಧ್ಯಕ್ಷಿಣಿಯವರೇ,

ತಮ್ಮ ಕಾಲಿನ ಹೆಬ್ಬೆರಳಿನ ವಿಷಯ ಕೇಳಿದ್ದೇನೆ. ನಾಲ್ಕು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಎಡಗಾಲಿನದೋ, ಬಲಗಾಲಿನದೋ ಕಾರ್ಯದರ್ಶಿಯವರು ತಿಳಿಸಿಲ್ಲ.

ತಮ್ಮ ಕೈಯ ಕಾರ್ಡು ನನ್ನ ಕತ್ತರಿ ಮೇಜಿನೆದುರಿನ ಗೋಡೆಯಲ್ಲಿದೆ, ಸಮವಸ್ತ್ರದ ನಮೂನೆಗಳ ನಡುವೆ. ಬೆಳಗ್ಗೆ ಮೇಜಿಗೆ ಬಂದವಳು ಅದರ ಮೇಲೆ ಒಮ್ಮೆ ಕೈಯಿಡುತ್ತೇನೆ. ನನ್ನ ಅಂಗೈಯೊಳಗೆ ತಮ್ಮದು ಪೂರ್ತಿ ಮುಚ್ಚಿಹೋಗುತ್ತದೆ, ಆಮೇಲೆ ಕೈ ತೆಗೆದರೆ ಅಲ್ಲೇ ಇರುತ್ತದೆ. ಮೇಸ್ತ್ರಿ ಮೊನ್ನೆ, "ಇದು ಯಾವ ಸೈಜಿನ ಗ್ಲೌಸು?" ಎಂದು ಕೇಳಿದ. "ಇನ್ನೂ ಆರ್ಡರ್ ಬಂದಿಲ್ಲ" ಎಂದೆ.

ಇವತ್ತಿನ ನಿರ್ಣಯ ಬಟಾಣಿ. ಇಡಿಯಾಗಿ ಕೊಡುವಂತಿಲ್ಲ, ಗುಂಡಗಿರುವುದನ್ನೆಲ್ಲ ಗಂಟಲು ಅನುಮಾನಿಸುತ್ತದೆ. ಬೇಯಿಸಿ, ಬೆಂದ ಆಲೂಗಡ್ಡೆಯ ಜೊತೆ ಕಿವುಚಿ, ಚೂರು ಓಟ್ಸ್ ಪುಡಿ ಸೇರಿಸಿ, ಬೆರಳಿನಂತೆ ಒತ್ತಿ, ತವದ ಮೇಲೆ ಎರಡೂ ಬದಿ ಬಿಸಿ ಮಾಡುವುದು. ಹೊರಗೆ ಹಿಡಿಯಲು ಗಟ್ಟಿ, ಒಳಗೆ ನುಂಗಲು ಮೆತ್ತಗೆ. ಹೂಕೋಸನ್ನು ಕಾಂಡದ ಸಮೇತ ಕತ್ತರಿಸಿದರೆ ಹಿಡಿಕೆ ಅದರಲ್ಲೇ ಇರುತ್ತದೆ. ದೇವರೂ ಒಳ್ಳೆಯ ಕತ್ತರಿ ಮೇಸ್ತ್ರಿ. ಹಳೆಯ ಪಟ್ಟಿ ತರಕಾರಿ ನೀರಿಗೆ ನೆನೆದು ಮೆತ್ತಗಾಗಿರಬೇಕು. ಅದೇ ಅಳತೆಯ ಹೊಸ ಪಟ್ಟಿಗಳು ಮೂರು ಕಳಿಸಿದ್ದೇನೆ, ಈ ಸಲ ದಪ್ಪ ರಟ್ಟಿನವು.

ಟೇಪಿನ ವಿಷಯ. ಹೌದು, ತೆಗೆಯಲು ಮರೆತಿದ್ದೆ. ರೈಲಿನಲ್ಲಿ ಇಡೀ ದಿನದ ದಾರಿ ವಾಪಸ್ ಬರುವಾಗ ಎದುರು ಸೀಟಿನವಳು ಹೇಳಿದ ಮೇಲೆ ಗೊತ್ತಾಯಿತು. ಇದಕ್ಕೆ ಪ್ರಾಸ ಹುಡುಕಿದೆ, ಸಿಕ್ಕಲಿಲ್ಲ.

ವಿಧೇಯ,
ಕತ್ತರಿ ಅಜ್ಜಿ


ಏಪ್ರಿಲ್ ೧೮

ಅಮ್ಮ,

ಮೊದಲೇ ಹೇಳಿಬಿಡುತ್ತೇನೆ, ಅವಳು ಚೆನ್ನಾಗಿದ್ದಾಳೆ. ಈಗ ಪಕ್ಕದಲ್ಲೇ ಕೂತು ಪಾತ್ರೆಯ ಮುಚ್ಚಳ ಕುಟ್ಟುತ್ತಿದ್ದಾಳೆ.

ಮೊನ್ನೆ ಮಧ್ಯಾಹ್ನ ನಿನ್ನ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಕ್ಯಾರೆಟ್ ಕತ್ತರಿಸಿದೆ. ಚೆನ್ನಾಗಿ ಬೆಂದಿತ್ತು, ಹಿಸುಕಿ ನೋಡಿದ್ದೆ. ಅವಳು ತುಂಡು ಹಿಡಿದಳು. ಮುಷ್ಟಿಯೊಳಗೆ ಅದು ಪೂರ್ತಿ ಮಾಯವಾಯಿತು. ತುದಿ ಕಾಣಲೇ ಇಲ್ಲ. ಮುಷ್ಟಿಯನ್ನ ತಿರುಗಿಸಿ ನೋಡಿದಳು, ಚೀಪಿದಳು, ಅತ್ತಳು. ಆಮೇಲೆ ಅಂಗೈಯನ್ನೇ ಬಾಯಿಗೆ ಒತ್ತಿಕೊಂಡಳು. ತುಂಡು ಇಡಿಯಾಗಿ ಒಳಗೆ ಹೋಯಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು, ಉಬ್ಬಳಿಸುವ ಸದ್ದು. ಸದ್ದು ಬರುತ್ತಿದ್ದರೆ ಉಸಿರಿದೆ, ಬೆರಳು ಹಾಕಬೇಡಿ ಅಂತ ಕ್ಲಿನಿಕ್ಕಿನಲ್ಲಿ ಹೇಳಿದ್ದರು. ಹಾಕಲಿಲ್ಲ. ಮುಂದಕ್ಕೆ ಬಾಗಿಸಿ ಹಿಡಿದು ಕೂತೆ. ನಾಲ್ಕು ಉಸಿರಿನಷ್ಟು ಹೊತ್ತಿರಬೇಕು. ಕೆಮ್ಮಿ ಉಗುಳಿದಳು. ಉಗುಳಿ, ಅದನ್ನೇ ಮತ್ತೆ ಎತ್ತಿಕೊಳ್ಳಲು ಹೋದಳು.

ಆಮೇಲೆ ಅದೇ ಪಟ್ಟಿಯನ್ನ ಅವಳ ಕೈಗೆ ಹಿಡಿದು ನೋಡಿದೆ. ಅಮ್ಮ, ಆ ಕಾರ್ಡಿನ ಕೈ ಮೂರನೇ ತಿಂಗಳದ್ದು. ಈಗ ಅವಳಿಗೆ ಎಂಟು ದಾಟಿದೆ. ನೀನು ಬಿಟ್ಟ 'ಸ್ವಲ್ಪ'ವನ್ನ ಅವಳು ಯಾವಾಗಲೋ ಬೆಳೆದು ಮುಗಿಸಿದ್ದಾಳೆ.

ನಿನ್ನ ಮೇಲೆ ಕೋಪ ಬಂತು. ಸಂಜೆವರೆಗೂ ಇತ್ತು. ಆಮೇಲೆ ಯೋಚಿಸಿದೆ. ನಿನ್ನ ಹತ್ತಿರ ಇದ್ದದ್ದು ಪೆನ್ಸಿಲ್ ಗೆರೆ. ನನ್ನ ಹತ್ತಿರ ಮಗುವೇ ಇತ್ತು, ಎರಡು ಅಡಿ ದೂರದಲ್ಲಿ, ಕೈ ಚಾಚಿಕೊಂಡು. ಅವಳ ಮುಷ್ಟಿ ನೋಡದೆ ರಟ್ಟು ನೋಡಿ ಕತ್ತರಿಸಿದೆ. ನೂಲಿನಂತೆ ಸೀರೆ, ಮುಂದಿನದು ನಿನಗೇ ಗೊತ್ತು. ಆ ಬಾಗಿಲಲ್ಲಿ ನಿನಗೆ ಹೇಳಿದ್ದು ನನಗೇ ಬಂದು ತಗುಲಿತು.

ಪಟ್ಟಿಗಳನ್ನ ಎಸೆದೆ. ಹೊಸ ಗೆರೆ ಎಳೆದು ಕಳಿಸೋದಿಲ್ಲ, ಕೇಳಬೇಡ. ಕೈ ಈಗ ಕಾಗದದ ಮೇಲೆ ನಿಲ್ಲೋದಿಲ್ಲ, ಪೆನ್ಸಿಲನ್ನೇ ಕಿತ್ತುಕೊಳ್ಳುತ್ತದೆ. ಹೆಬ್ಬೆರಳು ಎಡಗಾಲಿನದು.

ಮೂರನೇ ಸಲ ಕೇಳುತ್ತಿದ್ದೇನೆ, ಇದೇ ಕೊನೆ. ನನಗೆ ಮೊದಲು ತಿನ್ನಿಸಿದ್ದು ಏನು? ಸಭೆಗೆ ಬೇಡ, ನನಗೆ ಹೇಳು. ಹೇಳೋಕಾಗದಿದ್ದರೆ ಕಾಗದವೇ ಬೇಡ.

— ನಿನ್ನ ಮಗಳು


ಮೇ ೨

ಹಲ್ಲಿಲ್ಲದವರ ಮಹಾಸಭೆಯ ಮಾನ್ಯ

ಬೇಡ. ಇದು ನಿನಗೆ, ಮಗಳೇ.

ಹನ್ನೆರಡು ದಿನವಾಯಿತು ನಿನ್ನ ಕಾಗದ ಬಂದು. ಮೊದಲ ದಿನ ಅದನ್ನು ಓದಿ ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಕೂತೆ, ಕಾಲರ್‌ನವಳು ನೀರು ತಂದುಕೊಟ್ಟಳು. 'ಅವಳು ಚೆನ್ನಾಗಿದ್ದಾಳೆ' ಎಂದು ಮೊದಲೇ ಬರೆದದ್ದು ನಿನ್ನ ದೊಡ್ಡತನ. ಗೋಡೆಯ ಕಾರ್ಡು ತೆಗೆದು ಮಡಿಸದೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಬಟ್ಟೆಗೆ ಬೆಳವಣಿಗೆಯ ಅಂಚು ಬಿಡುವುದು ನನಗೆ ಗೊತ್ತು. ಎಷ್ಟು ದಿನ ಬಾರದೆ ಇದ್ದರೆ ಎಷ್ಟು ಬಿಡಬೇಕು ಎನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

'ಕ್ಯಾರೆಟ್' ಎಂದು ಬರೆದು ಮುಗಿಸಬಹುದಿತ್ತು. ಎರಡು ಸಲ ಬರೆದೆ. ಲಕೋಟೆಗೆ ಅಂಟು ಹಚ್ಚುವವರೆಗೂ ಬಂದು ಹರಿದೆ. ನಿನ್ನ ಪುಸ್ತಕದಲ್ಲಿ ಅದು ಶಾಶ್ವತವಾಗಿ ಉಳಿಯುತ್ತದಲ್ಲ ಎನ್ನಿಸಿತು.

ನಾನು ಬರೆದ ನಿರ್ಣಯಗಳೆಲ್ಲ ಈ ಕೆಲವು ತಿಂಗಳಲ್ಲಿ ಕಲಿತವು. ನಮ್ಮ ವರ್ಕ್‌ಶಾಪಿನ ಹಿಂದೆ ಈಗ ಕೂಸುಗಳನ್ನು ಬಿಡುವ ಕೋಣೆಯೊಂದಾಗಿದೆ. ನಿನ್ನ ಕಾರ್ಡು ಬಂದ ಮೇಲೆ ಊಟದ ಬಿಡುವಿನಲ್ಲಿ ಅಲ್ಲಿಗೆ ಹೋಗತೊಡಗಿದೆ. ಮೊದಲು ಬಾಗಿಲಲ್ಲಿ ನಿಂತೆ. ಅಲ್ಲಿನ ನರ್ಸಮ್ಮ, "ನಿಂತು ಏನ್ ನೋಡ್ತೀರಿ, ಬನ್ನಿ, ಕುಂಬಳ ಹೆರೀರಿ" ಎಂದಳು. ಹನ್ನೊಂದು ಮಕ್ಕಳು ತಿನ್ನುವುದನ್ನು ನೋಡಿದೆ. ಹಿಸುಕಿ ನೋಡುವುದನ್ನು ಅವಳು ಕಲಿಸಿದಳು. ಬೆರಳಿನುದ್ದ ಕತ್ತರಿಸಿ ಎಂದು ಕೂಡ ಅವಳೇ ಹೇಳಿದ್ದಳು, ನಾನೇ ಕೇಳಲಿಲ್ಲ. ಮನೆಯಲ್ಲಿ ಬೇಯಿಸಿ, ಹಲ್ಲು ತಾಗಿಸದೆ ನಾನೇ ತಿಂದು ನೋಡುತ್ತಿದ್ದೆ. ಒಬ್ಬಳೇ ಮೇಜಿನ ಮುಂದೆ ಕೂತು ಕ್ಯಾರೆಟ್ಟನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತುವ ನಲವತ್ತಾರರ ಹೆಂಗಸನ್ನು ನೀನು ನೋಡಿದ್ದರೆ ನಕ್ಕಿರುತ್ತಿದ್ದೆ. ನಗಬೇಕಾಗಿತ್ತು ನೀನು, ಅಲ್ಲಿದ್ದು.

ಹತ್ತು ದಿನ ರಜೆ ಕೇಳಿದ್ದೇನೆ. "ಯಾಕೆ, ಹುಷಾರಿಲ್ವಾ?" ಎಂದ ಮೇಸ್ತ್ರಿ. ಇಷ್ಟು ವರ್ಷದಲ್ಲಿ ಕೇಳಿದವಳಲ್ಲ ನಾನು. ಟಿಕೆಟ್ ತೆಗೆದಿಲ್ಲ, ನೀನು ಬಾ ಎಂದ ಮೇಲೆ ತೆಗೆಯುತ್ತೇನೆ. ಟೇಪು ಮೇಜಿನ ಮೇಲೇ ಬಿಟ್ಟು ಬರುತ್ತೇನೆ. ಅಡುಗೆಮನೆಯ ಬಾಗಿಲಲ್ಲಿ ಕೂರುತ್ತೇನೆ, ಕೈ ಹಿಂದಕ್ಕೆ ಕಟ್ಟಿಕೊಂಡು. ಎಡಗಾಲಿನ ಹೆಬ್ಬೆರಳು ಆಡುವುದನ್ನು ನೋಡಿದರೆ ಸಾಕು. ಮುಂದಿನದನ್ನು ಓದಿದ ಮೇಲೆ ಬೇಡ ಎಂದರೆ ಬೇಡ.

ನಿನಗೆ ಮೊದಲು ತಿನ್ನಿಸಿದವಳು ನಾನಲ್ಲ. ನಿನ್ನಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು, ಕೆಲಸ ಹೊಸದು. ಕಾರಣಗಳಿಗೇನು, ಬಟ್ಟೆ ಚೂರಿನ ಹಾಗೆ ಮೂಟೆಗಟ್ಟಲೆ ಇವೆ. ನಿನ್ನನ್ನು ಬೆಳಗ್ಗೆ ಗುಂಡಿ ಅತ್ತೆಯ ಹತ್ತಿರ ಬಿಟ್ಟು ಹೋಗುತ್ತಿದ್ದೆ. ಒಂದು ಸಂಜೆ ಬಂದಾಗ ಅವರು ಬಾಗಿಲಲ್ಲೇ ಕಾದು ನಿಂತಿದ್ದರು, ಕೈಯಲ್ಲಿ ಸೂಜಿ ದಾರ ಹಾಗೇ ಇತ್ತು. "ಇವತ್ತು ನಿನ್ನ ಮಗಳು ತಿಂದಳು ಕಣೇ! ತಾನೇ ಕೈಯಲ್ಲಿ ಹಿಡ್ಕೊಂಡು! ಏನು ತಿಂದಳು ಕೇಳು" ಎಂದರು.

"ನಾಳೆ ಹೇಳಿ ಅತ್ತೆ, ಕಾಲು ನೋಯ್ತಿದೆ" ಎಂದೆ.

ನಾಳೆ ಕೇಳಲಿಲ್ಲ. ಅವರು ಬದುಕಿದ್ದ ಅಷ್ಟು ವರ್ಷದಲ್ಲಿ ಯಾವತ್ತೂ ಕೇಳಲಿಲ್ಲ. ಆ ಸಂಜೆ ನಿನ್ನನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ನಿನ್ನ ಬಾಯಿಯ ಪಕ್ಕ ಕಿತ್ತಳೆ ಬಣ್ಣದ್ದೇನೋ ಅಂಟಿತ್ತು. ಕ್ಯಾರೆಟ್ಟೋ, ಸಿಹಿಗುಂಬಳವೋ ನನಗೆ ಗೊತ್ತಿಲ್ಲ. ನೋಡಲಿಲ್ಲ, ಒರೆಸಿಬಿಟ್ಟೆ.

— ಅಮ್ಮ